ಪೋರ್ಷೆ 944 ಟರ್ಬೊಗೆ ಹಿಂದೆ ಅಗಲದ ಟೈರ್: ಅಳತೆಯಿಂದ ರಸ್ತೆಯವರೆಗೆ

ಪೋರ್ಷೆ 944 ಟರ್ಬೊ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಹಿಂದಿನ ಟೈರು ಇನ್ನೊಂಚೂರು ಅಗಲ ಇದ್ದಿದ್ದರೆ! ಮಳೆಯಲ್ಲಿ ಟರ್ಬೊ ಎದ್ದ ಕ್ಷಣ ಹಿಂಭಾಗ ಸರಕ್ಕನೆ ಜಾರಿದ ಅನುಭವ ಇದ್ದವರಿಗಂತೂ ಹೇಳುವುದೇ ಬೇಡ. 1985ರಲ್ಲಿ ಈ ಕಾರು ಬಂದಾಗ ಅದಕ್ಕಿದ್ದದ್ದು 220 ಅಶ್ವಶಕ್ತಿ. ಮುಂದೆ 7 ಜೆ ರಿಮ್ ಮೇಲೆ 205/55 ಆರ್ 16, ಹಿಂದೆ 8 ಜೆ ಮೇಲೆ 225/50 ಆರ್ 16. 7 ಜೆ ಅಂದರೆ 7 ಇಂಚು ಅಗಲದ ರಿಮ್. 205/55 ಆರ್ 16 ಅಂದರೆ ಟೈರಿನ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 55, ರಿಮ್‌ನ ವ್ಯಾಸ 16 ಇಂಚು. 1988ರ ಟರ್ಬೊ ಎಸ್‌ನಲ್ಲಿ ಶಕ್ತಿ 250ಕ್ಕೆ ಏರಿತು, ಹಿಂದಿನ ಟೈರು 245/45 ಆರ್ 16 ಆಯಿತು, ರಿಮ್ 9 ಜೆ ಆಯಿತು. ಆಮೇಲೆ ಬಂದ 968ಕ್ಕೆ ಬೇಕಿದ್ದರೆ 17 ಇಂಚಿನ ಚಕ್ರ, ಹಿಂದೆ 255/40. ಅಂದರೆ ಅಗಲ ಮಾಡುವ ದಾರಿಯನ್ನು ಕಂಪನಿಯೇ ತೋರಿಸಿಕೊಟ್ಟಿದೆ. ಹೊಸದಾಗಿ ಏನನ್ನೋ ಕಂಡುಹಿಡಿಯುವುದು ಬೇಡ, ಆ ದಾರಿಯಲ್ಲಿ ಸರಿಯಾಗಿ ನಡೆದರೆ ಸಾಕು.

ಈ ಕೆಲಸದಲ್ಲಿ ದುಡ್ಡು ಹಾಳಾಗುವುದು ಟೈರಿನ ಬೆಲೆಯಿಂದಲ್ಲ, ಅಳತೆ ಮಾಡದೆ ಕೊಳ್ಳುವುದರಿಂದ. ಹಾಗಾಗಿ ಇಲ್ಲಿ ಅರ್ಧ ಭಾಗ ಬರೀ ಅಳತೆಯ ಮಾತೇ ಇದೆ.

ಅಗಲ ಯಾಕೆ, ಎಷ್ಟು?

ಟೈರು ಅಗಲವಾದರೆ ನೆಲಕ್ಕೆ ತಾಗುವ ಜಾಗ ಅಷ್ಟೇ ಜಾಸ್ತಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಆ ಜಾಗದ ಅಳತೆ ಮುಖ್ಯವಾಗಿ ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡದ ಮೇಲೆ ನಿಂತಿದೆ. ಅಗಲದ ಟೈರಿನಲ್ಲಿ ಹೆಚ್ಚಾಗಿ ಬದಲಾಗುವುದು ಅದರ ಆಕಾರ. ಉದ್ದ ಕಡಿಮೆಯಾಗಿ ಅಗಲ ಜಾಸ್ತಿಯಾಗುತ್ತದೆ. ತಿರುವಿನಲ್ಲಿ ಹಿಡಿತಕ್ಕೆ ಇದು ಒಳ್ಳೆಯದು, ರಬ್ಬರು ಬೇಗ ಕಾದು ಸೋಲುವುದೂ ಇಲ್ಲ. ಬದಲಿಗೆ ಚಕ್ರದ ತೂಕ ಏರುತ್ತದೆ, ನಿಂತ ನೀರಿನ ಮೇಲೆ ಟೈರು ಬೇಗ ತೇಲುತ್ತದೆ.

ಇನ್ನೊಂದು ಮಾತು. 944ರಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಎರಡೂ ಆಕ್ಸಲ್‌ಗಳ ಮೇಲೆ ಹೆಚ್ಚುಕಡಿಮೆ ಸಮ ಭಾರ. ಹಿಂದೆ ಮಾತ್ರ ಅಗಲ ಮಾಡಿ ಮುಂದೆ 205 ಅನ್ನೇ ಬಿಟ್ಟರೆ ಆ ಸಮತೋಲ ಕೆಡುತ್ತದೆ. ತಿರುವಿನಲ್ಲಿ ಮೂಗು ಹೊರಗೆ ಎಳೆಯತೊಡಗುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುವ ಹಟ ಹಿಡಿಯುತ್ತದೆ. ಹಿಂದೆ 255 ಹಾಕುವವರು ಮುಂದೆ 225/45 ಆರ್ 17ಕ್ಕೂ ದುಡ್ಡು ಎತ್ತಿಡಿ. ಅಷ್ಟು ಆಗದಿದ್ದರೆ ಹಿಂದೆಯೂ ಸುಮ್ನೆ 225 ಇಟ್ಟುಕೊಂಡು ಒಳ್ಳೆಯ ಹೊಸ ಟೈರು ಹಾಕಿ. ಎಂಟು ಹತ್ತು ವರ್ಷ ಹಳೆಯ ರಬ್ಬರಿನ ಮುಂದೆ ಅದೇ ದೊಡ್ಡ ಸುಧಾರಣೆ.

ಹಂತ 1: ನಿಮ್ಮದು ಯಾವ ವರ್ಷದ ಕಾರು?

ಆಫ್‌ಸೆಟ್ ಅಂದರೆ ರಿಮ್‌ನ ನಡುಗೆರೆಗೂ ಅದು ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಒರಗುವ ಮುಖಕ್ಕೂ ನಡುವಿನ ದೂರ. ಅದು ಜಾಸ್ತಿಯಾದಷ್ಟೂ ಚಕ್ರ ಒಳಗೆ ಕೂರುತ್ತದೆ. 1986ರ ಮಾಡೆಲ್‌ವರೆಗಿನ ಕಾರುಗಳಲ್ಲಿ ಹಿಂದಿನ ರಿಮ್‌ನ ಆಫ್‌ಸೆಟ್ 23.3 ಮಿ.ಮೀ. 1987ರ ಮಾಡೆಲ್‌ನಿಂದ 52.3. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಾರು, ಆದರೆ ಆಫ್‌ಸೆಟ್‌ನಲ್ಲಿ 29 ಮಿ.ಮೀ. ವ್ಯತ್ಯಾಸ. ಹೊಸ ಕಾರಿಗೆ ಹಳೆಯ ರಿಮ್ ಹಾಕಿದರೆ ಚಕ್ರ ಅಷ್ಟೂ ಹೊರಗೆ ಬರುತ್ತದೆ. ಹಳೆಯ ಕಾರಿಗೆ ಹೊಸ ರಿಮ್ ಹಾಕಿದರೆ ಅಷ್ಟೂ ಒಳಗೆ ಹೋಗಿ ಸಸ್ಪೆನ್ಷನ್‌ಗೆ ತಗುಲುತ್ತದೆ. ಹಳೇ ರಿಮ್ ಮಾರುವವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಮಾತು ನಂಬಬೇಡಿ, ರಿಮ್ ಬಿಚ್ಚಿ ಹಿಂಬದಿ ನೋಡಿ. ಕಡ್ಡಿಗಳ ಹಿಂದೆ ಅಗಲ, ವ್ಯಾಸ, ಆಫ್‌ಸೆಟ್ ಮೂರೂ ಎರಕದಲ್ಲೇ ಇರುತ್ತವೆ. ಬ್ರೇಕ್ ಧೂಳು ಅಂಟಿ ಕಾಣದಿದ್ದರೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಉಳಿದ ಲೆಕ್ಕ ಎಲ್ಲ 944ಕ್ಕೂ ಒಂದೇ: 5 ಸ್ಟಡ್ (ಚಕ್ರ ಹಿಡಿಯುವ ಬೋಲ್ಟ್), ಅವು ನಿಂತಿರುವ 130 ಮಿ.ಮೀ. ವ್ಯಾಸದ ವೃತ್ತ, ನಡುವಿನ ತೂತು 71.6 ಮಿ.ಮೀ.

ಹಂತ 2: ಕಾಗದದ ಮೇಲೆ ಲೆಕ್ಕ

ಮೊದಲು ಎತ್ತರ. ಟೈರಿನ ಅಗಲವನ್ನು ಅದರ ಶೇಕಡಾ ಸಂಖ್ಯೆಯಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್‌ನ ವ್ಯಾಸ ಕೂಡಿಸಿ. ಒಂದು ಇಂಚು ಅಂದರೆ 25.4 ಮಿ.ಮೀ.

225/50 ಆರ್ 16: 225 + 406.4 = 631.4 ಮಿ.ಮೀ.
245/45 ಆರ್ 16: 220.5 + 406.4 = 626.9 ಮಿ.ಮೀ.
255/40 ಆರ್ 17: 204 + 431.8 = 635.8 ಮಿ.ಮೀ.
ಮುಂದಿನ 225/45 ಆರ್ 17: 202.5 + 431.8 = 634.3 ಮಿ.ಮೀ.

ಹಳೆಯ 225ಕ್ಕೂ ಹೊಸ 255ಕ್ಕೂ ಎತ್ತರದಲ್ಲಿ ಶೇ. 1ರಷ್ಟೂ ವ್ಯತ್ಯಾಸ ಇಲ್ಲ. ಮುಂದಿನದಕ್ಕೂ ಹಿಂದಿನದಕ್ಕೂ ಒಂದೂವರೆ ಮಿ.ಮೀ. ಮಾತ್ರ. ನಾಲ್ಕೂ ಚಕ್ರದ ವೇಗವನ್ನು ಹೋಲಿಸಿ ನೋಡುವ ಎಬಿಎಸ್‌ಗೆ ಇದರಿಂದ ಗೊಂದಲ ಆಗುವುದಿಲ್ಲ. ಆದರೆ ಅಂಗಡಿಯಲ್ಲಿ 'ಸಾರ್, 40 ಇಲ್ಲ, 45 ಇದೆ, ಏನೂ ಆಗಲ್ಲ' ಅಂದರೆ ಒಪ್ಪಬೇಡಿ. 255/45 ಆರ್ 17 ಎತ್ತರ 661 ಮಿ.ಮೀ. ಹತ್ತಿರ. ಹಳೆಯದಕ್ಕಿಂತ 30 ಮಿ.ಮೀ. ಎತ್ತರ ಜಾಸ್ತಿ ಇರುವ ಆ ಟೈರು ಮಡ್‌ಗಾರ್ಡ್ ಒಳಗೆ ಕೂರುವುದೇ ಕಷ್ಟ.

ಇನ್ನು ಅಗಲ. ಎಲ್ಲರೂ ಎಡವುವುದು ಇಲ್ಲೇ. 225 ಬಿಟ್ಟು 255 ಹಾಕಿದರೆ 30 ಮಿ.ಮೀ. ಜಾಸ್ತಿ, ಪ್ರತಿ ಬದಿಗೆ 15, ಅಷ್ಟೇ ತಾನೇ? ಅಲ್ಲ. ಟೈರಿನ ಉಬ್ಬು ಅದು ಕೂತ ರಿಮ್ ಮೇಲೆ ನಿಂತಿದೆ. 225/50ರ ಅಳತೆಯನ್ನು ಟೈರ್ ಕಂಪನಿ ತೆಗೆಯುವುದು 7 ಜೆ ರಿಮ್ ಮೇಲೆ, ಆಗ ಅದು ಸುಮಾರು 233 ಮಿ.ಮೀ. ರಿಮ್ ಅರ್ಧ ಇಂಚು ಅಗಲವಾದರೆ ಟೈರು ಸುಮಾರು 5 ಮಿ.ಮೀ. ಹಿಗ್ಗುತ್ತದೆ. ನಿಮ್ಮ ಕಾರಿನ 8 ಜೆ ಮೇಲೆ ಅದು ಹತ್ತಿರ ಹತ್ತಿರ 243. ಹೊಸ 255/40 ಟೈರು 9 ಜೆ ಮೇಲೆ ಸುಮಾರು 260. ಅಂದರೆ ನಿಜವಾಗಿ ಜಾಸ್ತಿಯಾಗಿದ್ದು 17 ಮಿ.ಮೀ. ಮಾತ್ರ.

ಈಗ ಆಫ್‌ಸೆಟ್ ಸೇರಿಸಿ. 1987ರ ನಂತರದ ಕಾರಿಗೆ 9 ಜೆ, ಆಫ್‌ಸೆಟ್ 55ರ ರಿಮ್ ತಂದಿದ್ದೀರಿ ಅಂದುಕೊಳ್ಳಿ. ಹಳೆಯದು 52.3. ಟೈರಿನ ನಡುಗೆರೆ 2.7 ಮಿ.ಮೀ. ಒಳಗೆ ಸರಿಯಿತು. 17ರ ಅರ್ಧ 8.5. ಒಳಗಡೆಗೆ 8.5ಕ್ಕೆ 2.7 ಕೂಡಿಸಿದರೆ ಸುಮಾರು 11 ಮಿ.ಮೀ. ಹೊರಗಡೆಗೆ 8.5ರಲ್ಲಿ 2.7 ಕಳೆದರೆ ಸುಮಾರು 6 ಮಿ.ಮೀ. ಈ 11 ಮತ್ತು 6 ಎಂಬ ಎರಡು ಸಂಖ್ಯೆಗಳೇ ಮುಂದಿನ ಹಂತದಲ್ಲಿ ನಿಮ್ಮ ಕೈಯಲ್ಲಿರಬೇಕು. ನೀವು ತರುವ ರಿಮ್ ಬೇರೆಯಾದರೆ ಇದೇ ರೀತಿ ನಿಮ್ಮ ಲೆಕ್ಕ ಹಾಕಿ. ಹಳೇ ಆಫ್‌ಸೆಟ್‌ನ ಕಾರಿನವರು ಇದೇ ಜಾಗದಲ್ಲಿ ಟೈರು ನಿಲ್ಲಬೇಕಾದರೆ ಆಫ್‌ಸೆಟ್ 26ರ ಆಸುಪಾಸಿನ ರಿಮ್ ಹುಡುಕಬೇಕು. ದಪ್ಪ ಸ್ಪೇಸರ್ (ಹಬ್‌ಗೂ ರಿಮ್‌ಗೂ ನಡುವೆ ಹಾಕುವ ಬಿಲ್ಲೆ) ಹಾಕಿ ಸರಿದೂಗಿಸುವುದು ನನಗೆ ಇಷ್ಟವಿಲ್ಲ.

ಹಂತ 3: ಕಾರಿನ ಕೆಳಗೆ ಅಳತೆ

ಅಳೆಯುವ ಮೊದಲು ಹಿಂದಿನ ಬುಷ್‌ಗಳನ್ನು ನೋಡಿ. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು) ಇರುವ ಅಡ್ಡ ಕೊಳವೆ ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುತ್ತದೆ. ಮೂವತ್ತೈದು ವರ್ಷದ ರಬ್ಬರು ಕುಸಿದಿದ್ದರೆ ಇಡೀ ಹಿಂದಿನ ಆಕ್ಸಲ್ ಒಂದು ಬದಿಗೆ ವಾಲಿರಬಹುದು. ಆಗ ಇವತ್ತು ತೆಗೆದ ಅಳತೆ ನಾಳೆ ರಬ್ಬರ್ ಬದಲಿಸಿದ ಮೇಲೆ ಸುಳ್ಳಾಗುತ್ತದೆ. ವೀಲ್ ಬೇರಿಂಗ್ ಲೂಸು ಇದೆಯೇ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯೇ, ಅದನ್ನೂ ನೋಡಿಬಿಡಿ.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಟ್ಯಾಂಕ್ ತುಂಬಿರಲಿ. ಜಾಕ್‌ನಿಂದ ಈಗಷ್ಟೇ ಇಳಿಸಿದ್ದರೆ ಅಳೆಯಬೇಡಿ. ಹಿಂದಿನ ಚಕ್ರಗಳು ಕೆಳಗೆ ಜೋತುಬಿದ್ದಾಗ ಒಂದು ಕೋನದಲ್ಲಿರುತ್ತವೆ, ನೆಲ ಮುಟ್ಟಿದ ಮೇಲೂ ಟೈರು ನೆಲಕ್ಕೆ ಕಚ್ಚಿಕೊಂಡು ಹಾಗೇ ನಿಂತಿರುತ್ತದೆ. ನಾಲ್ಕೈದು ಮೀಟರ್ ಹಿಂದೆ ಮುಂದೆ ತಳ್ಳಿ, ಬೂಟ್ (ಡಿಕ್ಕಿ) ಮೇಲೆ ಎರಡು ಸಲ ಒತ್ತಿ ಬಿಡಿ. ಆಗ ಕಾರು ತನ್ನ ನಿಜವಾದ ಎತ್ತರಕ್ಕೆ ಕೂರುತ್ತದೆ.

ಹೊರಗಡೆಗೆ: ದಾರದ ತುದಿಗೆ ಒಂದು ನಟ್ ಕಟ್ಟಿ, ಚಕ್ರದ ನಡುವಿಗೆ ಸರಿಯಾಗಿ ಮಡ್‌ಗಾರ್ಡ್ ಅಂಚಿನಿಂದ ಇಳಿಬಿಡಿ. ದಾರಕ್ಕೂ ಟೈರಿನ ಉಬ್ಬಿಗೂ ಎಷ್ಟು ಜಾಗ ಅಂತ ಸ್ಕೇಲ್ ಇಟ್ಟು ನೋಡಿ. ಆಮೇಲೆ ಕೈ ಒಳಗೆ ತೂರಿಸಿ, ಅಂಚು ಒಳಕ್ಕೆ ಮಡಚಿರುವ ತುಟಿ ಎಷ್ಟು ಅಗಲ ಇದೆ ಅಂತ ಮುಟ್ಟಿ ನೋಡಿ. ಟೈರು ಮೊದಲು ತಾಗುವುದು ಆ ತುಟಿಗೆ.

ಒಳಗಡೆಗೆ: ಟೈರಿನ ಒಳಗೋಡೆಗೂ ಶಾಕ್ ಅಬ್ಸಾರ್ಬರ್‌ಗೂ, ಟ್ರೇಲಿಂಗ್ ಆರ್ಮ್‌ಗೂ (ಚಕ್ರವನ್ನು ಹಿಡಿದಿರುವ ತೋಳು), ಹ್ಯಾಂಡ್‌ಬ್ರೇಕ್ ಕೇಬಲ್‌ಗೂ ನಡುವಿನ ಜಾಗ. ಸ್ಕೇಲ್ ಹೋಗದ ಕಡೆ ಬೇರೆ ಬೇರೆ ದಪ್ಪದ ಮರದ ಚಕ್ಕೆ ತೂರಿಸಿ ನೋಡಿ. ನಿಂತಲ್ಲಿ ಹೊಸ ಟೈರಿಗೂ ಗಟ್ಟಿ ಲೋಹಕ್ಕೂ ನಡುವೆ 6 ಮಿ.ಮೀ. ಉಳಿಯಬೇಕು ಅನ್ನುವುದು ನನ್ನ ಲೆಕ್ಕ. ಅಂದರೆ ಮೇಲಿನ ಉದಾಹರಣೆಯಲ್ಲಿ ಈಗ ಒಳಗೆ ಕನಿಷ್ಠ 17 ಮಿ.ಮೀ. ಜಾಗ ಇರಬೇಕು.

ಎರಡೂ ಬದಿ ಅಳೆಯಿರಿ. ಈ ಕಾಲದ ಕಾರುಗಳಲ್ಲಿ ಎಡಕ್ಕೂ ಬಲಕ್ಕೂ ಕೆಲವು ಮಿ.ಮೀ. ವ್ಯತ್ಯಾಸ ಇದ್ದರೆ ಆಶ್ಚರ್ಯ ಪಡಬೇಕಿಲ್ಲ. ಕಡಿಮೆ ಜಾಗ ಇರುವ ಬದಿಯೇ ನಿಮ್ಮ ಅಳತೆ.

ನಿಂತ ಕಾರಿನ ಅಳತೆ ಅರ್ಧ ಸತ್ಯ. ಗುಂಡಿಗೆ ಬಿದ್ದಾಗ ಚಕ್ರ ಎಲ್ಲಿಗೆ ಏರುತ್ತದೆ? 944ರಲ್ಲಿ ಹಿಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್. ಸ್ಪ್ರಿಂಗ್ ಬಿಚ್ಚಿ ಚಕ್ರವನ್ನು ಮೇಲೆತ್ತಿ ನೋಡುವ ಸುಲಭದ ಉಪಾಯ ಇಲ್ಲಿ ನಡೆಯುವುದಿಲ್ಲ. ಬದಲಿಗೆ ಹೀಗೆ ಮಾಡಿ. ಬಲಗಡೆ ಹಿಂದಿನ ಚಕ್ರ ಮತ್ತು ಎಡಗಡೆ ಮುಂದಿನ ಚಕ್ರವನ್ನು ಗಟ್ಟಿಮುಟ್ಟಾದ ಮರದ ಹಲಗೆಗಳ ಮೇಲೆ ಹತ್ತಿಸಿ. ಕಾರು ಮೂಲೆಯಿಂದ ಮೂಲೆಗೆ ತಿರುಚಿ ನಿಂತು ಆ ಹಿಂದಿನ ಚಕ್ರ ಒಳಗೆ ಒತ್ತುತ್ತದೆ. ಬೂಟ್‌ನಲ್ಲಿ ಇಬ್ಬರನ್ನು ಕೂರಿಸಿದರೆ ಇನ್ನೂ ಕೆಳಗಿಳಿಯುತ್ತದೆ. ಉಳಿದ ಚಕ್ರಗಳಿಗೆ ಅಡ್ಡ ಕೊಡಿ, ಈ ಸ್ಥಿತಿಯಲ್ಲಿ ಕಾರಿನ ಅಡಿಗೆ ಹೋಗಬೇಡಿ. ಚಕ್ರ ಏರಿದಂತೆ ಅದರ ತಲೆ ಒಳಕ್ಕೆ ವಾಲುವುದನ್ನು ಗಮನಿಸಿ. ಈ ಸಸ್ಪೆನ್ಷನ್‌ನ ಗುಣವೇ ಅದು. ಅದರಿಂದಲೇ ನಿಂತಾಗ ಅಂಚಿಗೆ ತೀರಾ ಹತ್ತಿರ ಕಂಡ ಟೈರು ಓಡುವಾಗ ತಾಗದೇ ಇರಬಹುದು.

ಇನ್ನೂ ಅನುಮಾನ ಇದ್ದರೆ ಮಕ್ಕಳು ಆಡುವ ಕ್ಲೇ ತನ್ನಿ. ತುಟಿಯ ಒಳಗೆ ಮೂರು ನಾಲ್ಕು ಕಡೆ ದಪ್ಪಗೆ ಅಂಟಿಸಿ, ನಿಧಾನವಾಗಿ ಸ್ಪೀಡ್ ಬ್ರೇಕರ್ ಹಾಯಿಸಿ. ಉಳಿದ ಕ್ಲೇ ದಪ್ಪವೇ ಈಗಿನ ಟೈರಿಗಿರುವ ಜಾಗ.

ಹಂತ 4: ಕೊಳ್ಳುವ ಮೊದಲು ಒಂದು ಫೋನ್

ಜರ್ಮನಿಯಲ್ಲಿರುವ ನಮ್ಮವರಿಗೆ ಇದು ಮುಖ್ಯ. ಅಲ್ಲಿ ಕಾರಿನ ದಾಖಲೆಯಲ್ಲಿಲ್ಲದ ಚಕ್ರ ಹಾಕಿದರೆ ಟಿಯುವಿ ತರಹದ ತಪಾಸಣಾ ಸಂಸ್ಥೆಯ ಒಪ್ಪಿಗೆ ಬೇಕಾಗಬಹುದು. ಇಲ್ಲದಿದ್ದರೆ ಕಾರಿನ ಪರವಾನಗಿಗೇ ತೊಂದರೆ. ದುಡ್ಡು ಕೊಡುವ ಮೊದಲು ರಿಮ್‌ನ ಪತ್ರ ಇಟ್ಟುಕೊಂಡು ತಪಾಸಕರನ್ನೇ ಕೇಳಿ. ಟೈರಿನ ಅಗಲ ಮಡ್‌ಗಾರ್ಡ್ ಒಳಗೇ ಇರಬೇಕು: ಚಕ್ರದ ನಡುವಿನಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿವರೆಗೆ ಮುಚ್ಚಿರಬೇಕು. ಮೂವತ್ತು ವರ್ಷ ದಾಟಿದ ಕಾರಿಗೆ ಸಿಗುವ ಎಚ್ ನಂಬರ್ ಪ್ಲೇಟ್ ಇದ್ದರೆ ಇನ್ನೂ ಹುಷಾರು. ಮಾರ್ಪಾಡು ಆ ಕಾಲಕ್ಕೆ ಒಪ್ಪುವಂತಿರಬೇಕು. 968ರ ಕಾಲದ ಮೂಲ ಪೋರ್ಷೆ ರಿಮ್ ತೋರಿಸಿದರೆ ಮಾತು ಸುಲಭ, ಈಚಿನ ಫ್ಯಾಷನ್ ರಿಮ್ ತೋರಿಸಿದರೆ ಕಷ್ಟ.

ಹಳೇ ರಿಮ್ ಕೊಳ್ಳುವಾಗ ಒಳಬದಿಯಲ್ಲಿ ಕೂದಲೆಳೆ ಬಿರುಕು, ವೆಲ್ಡಿಂಗ್ ಗುರುತು ನೋಡಿ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಬರೀ ರಿಮ್ ತಿರುಗಿಸಿದರೆ ಡೊಂಕು ತಕ್ಷಣ ಗೊತ್ತಾಗುತ್ತದೆ. ಟೈರಿನಲ್ಲಿ ವೇಗದ ಅಕ್ಷರ ಡಬ್ಲ್ಯೂ ಅಥವಾ ವೈ ಇರಲಿ. 220 ಅಶ್ವಶಕ್ತಿಯ ಕಾರಿನ ಗರಿಷ್ಠ ವೇಗವೇ ಗಂಟೆಗೆ ಸುಮಾರು 245 ಕಿ.ಮೀ. ಪಕ್ಕದಲ್ಲಿರುವ ನಾಲ್ಕಂಕಿ ತಾರೀಕನ್ನೂ ಓದಿ. 2324 ಅಂದರೆ 2024ರ 23ನೇ ವಾರ.

ಹಂತ 5: ಟೈರಿಲ್ಲದ ರಿಮ್, ಆಮೇಲೆ ಒಂದೇ ಟೈರು

ಮೊದಲು ಬರೀ ರಿಮ್ ಹಾಕಿ ಕೈಯಲ್ಲಿ ತಿರುಗಿಸಿ. ಕ್ಯಾಲಿಪರ್, ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಹೋಸ್ ಯಾವುದಕ್ಕೂ ತಾಗಬಾರದು. ಆಮೇಲೆ ಒಂದೇ ಒಂದು ಟೈರು ಕೂರಿಸಿ, ಜಾಗ ಕಡಿಮೆ ಇರುವ ಬದಿಗೆ ಹಾಕಿ, ಮೇಲಿನ ಅಳತೆಗಳನ್ನೆಲ್ಲ ಮತ್ತೆ ಮಾಡಿ. ಹೊಂದಲಿಲ್ಲ ಅಂದರೆ ಉಳಿದ ಟೈರುಗಳನ್ನು ಅಂಗಡಿಯವನು ವಾಪಸ್ ತಗೊಳ್ಳುತ್ತಾನೆ. ನಾಲ್ಕೂ ಕೂರಿಸಿ ರಸ್ತೆಗೆ ಇಳಿಸಿದ ಮೇಲೆ ತಗೊಳ್ಳುವುದಿಲ್ಲ, ಅಲ್ವಾ?

ಒಳಗೆ ಎರಡು ಮೂರು ಮಿ.ಮೀ. ಸಾಲದೆ ಬಂದರೆ ತೆಳು ಸ್ಪೇಸರ್ ಹಾಕಬಹುದು. ಅದು 71.6ರ ಹಬ್ ಮೇಲೆ ಬಿಗಿಯಾಗಿ ಕೂರುವಂಥದ್ದೇ ಇರಬೇಕು. ಸ್ಟಡ್ 14 ಮಿ.ಮೀ. ದಪ್ಪ, ಒಂದು ಸುತ್ತಿಗೆ 1.5 ಮಿ.ಮೀ. ನಟ್ ಕನಿಷ್ಠ 14 ಮಿ.ಮೀ. ಒಳಗೆ ಹೋಗಬೇಕು, ಅಂದರೆ ಹತ್ತು ಸುತ್ತು. ಕೈಯಲ್ಲೇ ತಿರುಗಿಸಿ ಎಣಿಸಿ. ಎಂಟಕ್ಕೇ ನಿಂತರೆ ಉದ್ದದ ಸ್ಟಡ್ ಹಾಕಿಸದೆ ಓಡಿಸಬೇಡಿ.

ಹಂತ 6: ತುಟಿ ಮಡಚುವುದು, ಬೇಕಿದ್ದರೆ ಮಾತ್ರ

ಹೊರಗಡೆ ತುಟಿಗೆ ತಾಗುತ್ತದೆ ಅಂತ ಕ್ಲೇ ಹೇಳಿದ್ದರೆ ಅಂಚಿನ ಒಳತುಟಿಯನ್ನು ಮೇಲಕ್ಕೆ ಒತ್ತಿ ಚಪ್ಪಟೆ ಮಾಡಬೇಕು. 944ರ ಬಾಡಿ ಪೂರ್ತಿ ಸತು ಲೇಪಿಸಿದ ಉಕ್ಕು, ಅದಕ್ಕೇ ಇಷ್ಟು ವರ್ಷ ತುಕ್ಕು ತಡೆದಿದೆ. ಪೇಂಟ್ ಬಿರುಕು ಬಿಟ್ಟು ಒಳಗೆ ನೀರು ಹೋದರೆ ಆ ರಕ್ಷಣೆಯೂ ಎಷ್ಟು ದಿನ?

ಮೊದಲು ತುಟಿಯ ಸಂದಿಯಲ್ಲಿ ಸೇರಿಕೊಂಡ ಮಣ್ಣನ್ನು ಪೂರ್ತಿ ತೆಗೆಯಿರಿ. ಅಲ್ಲಿ ತುಕ್ಕು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ಬಾಡಿ ಕೆಲಸದವರ ಹತ್ತಿರ ಹೋಗಿ. ಬಲಗಡೆ ಪೆಟ್ರೋಲ್ ತುಂಬುವ ಬದಿ. ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಹಿಂದೆ ಯಾವ ಹೋಸ್ ಇದೆ ಅಂತ ನೋಡದೆ ಹೀಟ್ ಗನ್ ಹಚ್ಚಲೇಬೇಡಿ.

ಹಬ್‌ಗೆ ಕೂರುವ ರೋಲರ್ ಬಾಡಿಗೆಗೆ ಸಿಗುತ್ತದೆ. ಹೀಟ್ ಗನ್‌ನಿಂದ ಅಂಚನ್ನು ಒಂದು ಗೇಣಿನಷ್ಟು ಉದ್ದಕ್ಕೆ ನಿಧಾನವಾಗಿ ಕಾಯಿಸಿ. ಲೇಸರ್ ಥರ್ಮಾಮೀಟರ್ 60 ಡಿಗ್ರಿ ಆಸುಪಾಸು ತೋರಿಸಲಿ. ಕೈ ಇಟ್ಟರೆ ಕ್ಷಣ ಮಾತ್ರ ತಡೆಯುವಷ್ಟು ಬಿಸಿ. ರೋಲರನ್ನು ಸ್ವಲ್ಪ ಒತ್ತಿ ಹಿಂದೆ ಮುಂದೆ ಆಡಿಸಿ. ಒಂದು ಸಲಕ್ಕೆ ಸ್ವಲ್ಪವೇ ಮಡಚಬೇಕು, ಆಮೇಲೆ ಮತ್ತೆ ಕಾಯಿಸಿ, ಮತ್ತೆ ಒತ್ತಿ. ಒಂದು ಬದಿಗೆ ಒಂದು ಗಂಟೆ ಹಿಡಿದರೆ ಸರಿಯಾದ ವೇಗದಲ್ಲಿದ್ದೀರಿ. ಆಗಾಗ ಹಿಂದೆ ಸರಿದು ಹೊರಮೈಯನ್ನು ಓರೆಯಾಗಿ ನೋಡಿ. ಅಲೆ ಎದ್ದರೆ ಒತ್ತಡ ಜಾಸ್ತಿಯಾಗಿದೆ ಅಂತ ಅರ್ಥ. ಹಿಂದೊಮ್ಮೆ ಪುಟ್ಟಿ ತುಂಬಿ ಪೇಂಟ್ ಹೊಡೆಸಿದ ಕಾರಾದರೆ ಬಿಸಿ ಮಾಡಿದರೂ ಬಿರುಕು ಬರುತ್ತದೆ, ಆ ಖರ್ಚಿಗೂ ಸಿದ್ಧರಿರಿ. ಮುಗಿದ ಮೇಲೆ ಸಂದಿಗೆ ಸೀಲರ್, ಅದರ ಮೇಲೆ ತುಕ್ಕು ತಡೆಯುವ ಮೇಣ. ಇದನ್ನು ಮುಂದೂಡಬೇಡಿ.

ಹಂತ 7: ಬಿಗಿಯುವುದು, ಓಡಿಸುವುದು

ಮೂಲ ನಟ್‌ಗಳು ಅಲ್ಯೂಮಿನಿಯಂನವು, ರಿಮ್‌ಗೆ ಕೂರುವ ಮುಖ ಗುಂಡಗಿದೆ. ಕೋನ್ ಮುಖದ ನಟ್ ಹಾಕಬೇಡಿ. ಟೈರ್ ಅಂಗಡಿಯ ಗಾಳಿ ಗನ್ ಹತ್ತಿರ ಬರಲು ಬಿಡಬೇಡಿ. ಕೈಯಲ್ಲಿ ಕೂರಿಸಿ, ನಕ್ಷತ್ರದ ಕ್ರಮದಲ್ಲಿ ಬಿಗಿದು, ಕೊನೆಗೆ ಟಾರ್ಕ್ ರೆಂಚ್‌ನಿಂದ 130 ನ್ಯೂಟನ್ ಮೀಟರ್. 50 ಕಿ.ಮೀ. ಓಡಿಸಿದ ಮೇಲೆ, ಚಕ್ರ ತಣ್ಣಗಾದಾಗ ಮತ್ತೊಮ್ಮೆ ನೋಡಿ.

ಮೊದಲ ಓಟಕ್ಕೆ ಮುಂಚೆ ತುಟಿಯ ಒಳಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿಯಿರಿ. ಒಬ್ಬರೇ ಓಡಿಸಿ, ಆಮೇಲೆ ಹಿಂದೆ ಇಬ್ಬರನ್ನು ಕೂರಿಸಿ ಓಡಿಸಿ. ಗೆರೆ ಅಳಿಸಿದ ಕಡೆ ತಾಗಿದೆ. ತಿರುವಿನಲ್ಲಿ ಝರ್ ಅನ್ನುವ ಸದ್ದು ಬಂದರೆ ಹೊರ ತುಟಿ, ಉಬ್ಬಿನ ಮೇಲೆ ಡಬ್ ಅಂದರೆ ಮೇಲ್ಭಾಗ ಅಂತ ಅಂದಾಜು ಮಾಡಬಹುದು. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ 200-300 ಕಿ.ಮೀ. ಕಾಲು ಹಗುರವಾಗಿರಲಿ.

ವೀಲ್ ಅಲೈನ್‌ಮೆಂಟ್ ಮಾಡಿಸುವಾಗ ಹಿಂದಿನ ಚಕ್ರಗಳನ್ನೂ ಮಾಡಲು ಹೇಳಿ. ಈ ಕಾರಿನಲ್ಲಿ ಹಿಂದಿನ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೋ (ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎರಡನ್ನೂ ತಿದ್ದಬಹುದು. ಬರೀ ಮುಂದಿನದನ್ನು ನೋಡಿ ಕಳಿಸುವ ಅಂಗಡಿಗಳೇ ಜಾಸ್ತಿ. ಅಗಲದ ಟೈರಿನ ಒಳ ಅಂಚು ಸವೆಯುವುದು ಹೊರಗಿನಿಂದ ಕಾಣುವುದೂ ಇಲ್ಲ.

ಗಾಳಿ ಕಾರಿನ ಕೈಪಿಡಿಯ ಒತ್ತಡದಿಂದ ಶುರು ಮಾಡಿ. ಅರ್ಧ ಗಂಟೆ ಚುರುಕಾಗಿ ಓಡಿಸಿ ನಿಲ್ಲಿಸಿದ ಕೂಡಲೇ ಆ ಲೇಸರ್ ಥರ್ಮಾಮೀಟರ್‌ನಿಂದ ಟೈರಿನ ಒಳ ಅಂಚು, ನಡು, ಹೊರ ಅಂಚು ನೋಡಿ. ನಡು ಜಾಸ್ತಿ ಬಿಸಿ ಇದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಬಿಸಿ ಇದ್ದರೆ ಗಾಳಿ ಕಡಿಮೆ. ಒಂದು ಸಲಕ್ಕೆ 0.1 ಬಾರ್‌ಗಿಂತ ಜಾಸ್ತಿ ಬದಲಿಸಬೇಡಿ. ಕಾರು ಮೂಗು ಎಳೆಯುತ್ತಿದೆ ಅನ್ನಿಸಿದರೆ ಹಿಂದಿನ ಟೈರನ್ನು ಬೈಯುವ ಮೊದಲು ಮುಂದಿನ ಒತ್ತಡ ನೋಡಿ.